ಮೊಸಳೆ ಗುರಿಕೋಲನ್ನೇ ಕಚ್ಚುತ್ತಿದ್ದರೆ

ಗುರಿಕೋಲೆಂದರೆ ತುದಿಯಲ್ಲಿ ತಟ್ಟೆಯಿರುವ ಕೋಲು; ಆ ತಟ್ಟೆಯನ್ನು ಮೂತಿಯಿಂದ ಮುಟ್ಟಲು ಪ್ರಾಣಿಗೆ ಕಲಿಸುತ್ತೇವೆ. ನೀವು ಕೇಳಿದಂತೆ, ನಿಮ್ಮ ಮೃಗಾಲಯದ ಮಗ್ಗರ್ ಮೊಸಳೆ ಕೋಲಿನ ತುದಿಯ ತಟ್ಟೆಯನ್ನು ಮೂತಿಯಿಂದ ಮುಟ್ಟದೆ ಕಚ್ಚಿ ಎಳೆಯುವುದಕ್ಕೆ ಬಹುಶಃ ಸಿಟ್ಟು ಕಾರಣವಲ್ಲ. ತಟ್ಟೆಯನ್ನೂ ಮಾಂಸವನ್ನೂ ಒಂದೇ ಕಡೆಯಿಂದ ಚಾಚುತ್ತೇನೆ ಎಂದು ನಿಮ್ಮ ಪ್ರಶ್ನೆಯಲ್ಲಿ ಹೇಳಿದ್ದೀರಿ. ಹಾಗಾಗಿ ಮೊಸಳೆಗೆ ಎರಡೂ ಆಹಾರವೇ.

ಮೊದಲು ಕೋಲನ್ನು ಪೂರ್ತಿ ಬದಿಗಿಡಿ. ಬೇಲಿಯ ಹೊರಗೇ ನಿಂತು ಸೀಟಿ ಊದಿ, ಮರುಕ್ಷಣವೇ ಉದ್ದ ಇಕ್ಕಳದಿಂದ ಮೀನಿನ ಸಣ್ಣ ತುಂಡು ಕೊಡಿ. ಸೀಟಿ ಕೇಳಿದೊಡನೆ ತಲೆ ತಿರುಗಿಸತೊಡಗಿದ ಮೇಲಷ್ಟೇ ಕೋಲು ತನ್ನಿ. ಮೂತಿಯಿಂದ ಒಂದು ಗೇಣು ದೂರದಲ್ಲಿ, ನೀರಿನ ಮಟ್ಟಕ್ಕೆ, ಸ್ವಲ್ಪವೂ ಅಲುಗಿಸದೆ ಹಿಡಿಯಿರಿ. ಅಲುಗಿದರೆ ಅದು ಬೇಟೆಯಂತೆ ಕಾಣುತ್ತದೆ. ಬಾಯಿ ತೆರೆಯದೆ ಹತ್ತಿರ ಬಂದ ಕೂಡಲೇ ಸೀಟಿ, ತುಂಡು ಮಾತ್ರ ಇನ್ನೊಂದು ಬದಿಯಿಂದ. ಕಚ್ಚಿದರೆ ಜಗ್ಗಬೇಡಿ, ಗದರಬೇಡಿ. ಕೋಲನ್ನು ಕೈಬಿಟ್ಟು ಆ ದಿನದ ಪಾಠ ನಿಲ್ಲಿಸಿ. ಗದರಿದ ಒಂದೇ ದಿನಕ್ಕೆ ನಾನು ವಾರಗಳ ನಂಬಿಕೆ ಕಳೆದುಕೊಂಡಿದ್ದೇನೆ.

ಚಳಿಯ ಬೆಳಗಿನಲ್ಲಿ ಕಲಿಸಬೇಡಿ; ಬಿಸಿಲು ಕಾಯಿಸಿಕೊಳ್ಳದ ಮೊಸಳೆಗೆ ಹಸಿವೂ ಚುರುಕೂ ಇರುವುದಿಲ್ಲ.

ಹೆಣ್ಣಾಗಿದ್ದು ಮೊಟ್ಟೆ ಕಾಯುತ್ತಿದ್ದರೆ ಈ ಕ್ರಮ ಫಲಿಸುತ್ತದೆ ಎಂದು ಹೇಳಲಾರೆ. ಆಗ ಮರಿ ಹೊರಬರುವವರೆಗೆ ಅದನ್ನು ಅದರ ಪಾಡಿಗೆ ಬಿಡಿ. ಎಷ್ಟೇ ಪಳಗಿದರೂ ಬೇಲಿಯೊಳಗೆ ಮಾತ್ರ ಕೈ ಚಾಚಬೇಡಿ.