ಅರ್ಥವಾಗದ ಹಳೆಯ ಕೋಡ್ ತೆಗೆದುಬಿಡಲೇ?

ಪ್ರಶ್ನೆ: ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಬರಹಗಳನ್ನು, ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಮುಕ್ತ ತಂತ್ರಾಂಶವನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದೇನೆ. ಮೂಲದಲ್ಲಿ ಬರೆದವರು ಸಂಪರ್ಕಕ್ಕೆ ಸಿಗುತ್ತಿಲ್ಲ. ಅದರಲ್ಲಿ ಎಂಟುನೂರು ಸಾಲಿನ ಒಂದು ಫೈಲ್ ಇದೆ, ಒಂದು ಸಾಲಿನ ಟಿಪ್ಪಣಿಯೂ ಇಲ್ಲ. ಎಲ್ಲಿ ಮುಟ್ಟಿದರೂ ಇನ್ನೆಲ್ಲೋ ಕೆಡುತ್ತದೆ. ಪೂರ್ತಿ ತೆಗೆದು ಹೊಸದಾಗಿ ಬರೆಯಲೇ ಸರ್?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಒಂದೇ ಏಟಿಗೆ ಬೇಡಿ. ಇಂಥದೇ ಪರಿವರ್ತಕದಲ್ಲಿ ನಾನು ಕೈಸುಟ್ಟುಕೊಂಡಿದ್ದೇನೆ.

ನುಡಿಯ ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ‘ಧರ್ಮ’ದಲ್ಲಿ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ಗೆ ಬೇಕಾದದ್ದು ಉಚ್ಚಾರದ ಕ್ರಮ: ಧ, ರ್, ಮ. ಹಾಗಾಗಿ ಅರ್ಕಾವತ್ತನ್ನು ಹಿಂದಕ್ಕೆ ಸರಿಸಬೇಕು. ಒಂದು ಅಕ್ಷರ ಹಿಂದಕ್ಕೆ ಹೋದರೆ ಸಾಕಲ್ಲ, ಇಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಯಾಕೆ ಅಂದುಕೊಂಡು ಅದನ್ನು ಅಳಿಸಿದೆ. ‘ಧರ್ಮ’ ಬಂತು, ‘ಸೂರ್ಯ’ ಬಂತು. ‘ಮರ್ತ್ಯ’ ಬರಲಿಲ್ಲ. ಅಲ್ಲಿ ತ ಮತ್ತು ಅರ್ಕಾವತ್ತಿನ ನಡುವೆ ಯ ಒತ್ತು ಇದೆ, ಅದನ್ನೂ ದಾಟಬೇಕು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಜೀವಮಾನದ ಬರಹವನ್ನೆಲ್ಲ ನಾನು ಹಾಗೆ ಕೆಡಿಸಿದ ತಂತ್ರಾಂಶದಲ್ಲೇ ಪರಿವರ್ತಿಸಿ, ಮೂಲ ಕಡತಗಳನ್ನು ಅಳಿಸಿಬಿಟ್ಟಿದ್ದರು. ಆ ಪುಟಗಳನ್ನು ಅವರು ಕೈಯಾರೆ ತಿದ್ದುತ್ತ ಕೂತದ್ದು ನನಗೆ ಇಂದಿಗೂ ನೋವು.

ಹಾಗಂತ ಹಳೆಯದೆಲ್ಲ ಇರಲಿ ಎನ್ನುವವನೂ ನಾನಲ್ಲ. 2014ರಲ್ಲಿ, ಅಂತರ್ಜಾಲದ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಹೊರಬಿದ್ದಾಗ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ತಂಡ ಅದೇ ಕೋಡ್‌ನ ಪ್ರತಿ ಮಾಡಿಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂಬ ಕವಲು ತೆಗೆದು, ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲು ಕಿತ್ತುಹಾಕಿತು. ವಿಎಂಎಸ್, ಹಳೆಯ ಮ್ಯಾಕ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಿಗಾಗಿ ಇದ್ದ ಕೋಡ್ ಹೋಯಿತು. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಓಪನ್‌ಎಸ್‌ಎಸ್‌ಎಲ್ ಮೆಮೊರಿಯನ್ನು ಮರುಬಳಸಲು ತನ್ನದೇ ವ್ಯವಸ್ಥೆ ಇಟ್ಟುಕೊಂಡಿತ್ತು. ಅದನ್ನು ಆಫ್ ಮಾಡುವ ಆಯ್ಕೆ ಇತ್ತು, ಆದರೆ ಆಫ್ ಮಾಡಿದರೆ ತಂತ್ರಾಂಶವೇ ಕೆಡುತ್ತಿತ್ತು. ಬಿಟ್ಟುಕೊಟ್ಟ ಮೆಮೊರಿ ಹಾಗೇ ಮರಳಿ ಸಿಗುತ್ತದೆ ಎಂದು ಬೇರೊಂದು ಕಡೆಯ ಕೋಡ್ ನಂಬಿ ಕೂತಿತ್ತು. ಯಾರೂ ಆಫ್ ಮಾಡಿ ನೋಡದೆ ಇದ್ದದ್ದರಿಂದ ಆ ತಪ್ಪು ಅಡಗಿಯೇ ಇತ್ತು. ಇಂಥ ಕೋಡ್ ಉಳಿಸಿಕೊಂಡರೆ ಅಪಾಯ ಬಳಕೆದಾರರಿಗೆ.

ಯಾರೂ ಬಳಸದ ಕೋಡ್ ಬೇರೆ, ಯಾರಿಗೂ ಅರ್ಥವಾಗದ ಕೋಡ್ ಬೇರೆ. ನಿಮ್ಮ ಫೈಲಿನಲ್ಲಿ ಎರಡೂ ಇರಬಹುದು. ವಿಂಡೋಸ್ 98ಕ್ಕಾಗಿ ಬರೆದದ್ದು, ಕೋಡ್‌ನಲ್ಲಿ ಎಲ್ಲಿಂದಲೂ ಬಳಕೆಯಾಗದ ಫಂಕ್ಷನ್ನುಗಳು ಇದ್ದರೆ ಇವತ್ತೇ ತೆಗೆಯಿರಿ. ಬೇಕೆಂದವರಿಗೆ, ಕೋಡ್‌ನ ಬದಲಾವಣೆಗಳನ್ನೆಲ್ಲ ಕಾದಿಡುವ ಗಿಟ್‌ನಲ್ಲಿ ಹಳೆಯ ಆವೃತ್ತಿ ಇದ್ದೇ ಇರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆಯುವವರು 2012ರ ಡಿಸೆಂಬರ್‌ನಲ್ಲಿ ಹಳೆಯ 386 ಚಿಪ್‌ನ ಬೆಂಬಲವನ್ನೇ ತೆಗೆದರು. ಬಳಕೆದಾರರು ಇರಬಹುದಾದ ಕಡೆ ಅವರು ಅವಸರ ಮಾಡುವುದಿಲ್ಲ: ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ರೈಸರ್‌ಎಫ್‌ಎಸ್ ಎಂಬ ವ್ಯವಸ್ಥೆ ಹೋಗುತ್ತದೆ ಎಂದು 2022ರಲ್ಲೇ ಎಚ್ಚರಿಸಿ, 2025ರಲ್ಲಿ ಬಂದ 6.13 ಆವೃತ್ತಿಯಲ್ಲಿ ಕೈಬಿಟ್ಟರು.

ಅರ್ಥವಾಗದ ಭಾಗಕ್ಕೆ ಮೊದಲು ಪರೀಕ್ಷೆ ಬರೆಯಿರಿ, ಅಂದರೆ ಅದರ ಫಲಿತಾಂಶ ಸರಿಯೇ ಎಂದು ತಾನಾಗಿ ಹೋಲಿಸಿ ಹೇಳುವ ಕೋಡ್. ಬಳಕೆದಾರರಿಂದ ನಿಜವಾದ ಕಡತಗಳನ್ನು ಕೇಳಿ ಪಡೆದು, ಈಗಿನ ಫಲಿತಾಂಶ ಕಣ್ಣಾರೆ ನೋಡಿ, ಸರಿಯಿದ್ದದ್ದನ್ನು ಉಳಿಸಿಕೊಳ್ಳಿ. ಆಮೇಲೆ ದಿನಕ್ಕೊಂದು ತುಂಡು ತೆಗೆದು ಹೋಲಿಸಿ. ಪರೀಕ್ಷೆಯ ಪಟ್ಟಿಯಲ್ಲಿ ‘ಮರ್ತ್ಯ’, ‘ಕರ್ತೃ’, ‘ಅರ್ಘ್ಯ’ ಮೂರೂ ಇರಲಿ.