ಇಪ್ಪತ್ತೊಂದು ತಿರುವು ಹತ್ತುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಆಲ್ಪ್ ದುಯೆಜ್ ಚಳಿಗಾಲದಲ್ಲಿ ಹಿಮಜಾರಾಟಕ್ಕೂ ಬೇಸಿಗೆಯಲ್ಲಿ ಸೈಕಲ್ಲಿಗೂ ಹೆಸರಾದ ಊರು. ಆ ಊರಿನ ಬೇಸಿಗೆಯ ಸೈಕಲ್ ಪ್ರವಾಸದ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ ನಲವತ್ತು ದಾಟಿದೆ, ತೂಕ 75 ಕಿಲೋ. ಭಾನುವಾರಗಳಂದು ನಂದಿಬೆಟ್ಟ ಹತ್ತುವ ಅಭ್ಯಾಸವಿದೆ. ಜುಲೈನಲ್ಲಿ ಕಚೇರಿಯ ಕೆಲಸಕ್ಕಾಗಿ ಲಿಯೋನ್ ನಗರಕ್ಕೆ ಹೋಗುವವನಿದ್ದೇನೆ. ಆಲ್ಪ್ ದುಯೆಜ್ ಹತ್ತಲು ನನ್ನಿಂದ ಆದೀತೇ? ಎಂಥ ಗೇರ್ ಬೇಕು? (ಬೆಂಗಳೂರಿನ ಓದುಗರು)

ಉತ್ತರ: ಆಗುತ್ತದೆ. ಆದರೆ ನಂದಿಬೆಟ್ಟದ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ. ಕಣಿವೆಯಲ್ಲಿರುವ ಬೂರ್ ದ್ವಾಜಾನ್ ಪಟ್ಟಣದಿಂದ ಮೇಲಿನ ಊರಿಗೆ ಇಪ್ಪತ್ತೊಂದು ತಿರುವುಗಳ ರಸ್ತೆ 13.8 ಕಿಲೋಮೀಟರ್. ಸರಾಸರಿ ಏರು ನೂರಕ್ಕೆ 8.1. ಅಂದರೆ ನೀವು ಸುಮಾರು 1,100 ಮೀಟರ್ ಮೇಲಕ್ಕೆ ಏರಿ, 1,850 ಮೀಟರ್ ಎತ್ತರದಲ್ಲಿ ನಿಲ್ಲುತ್ತೀರಿ. ನಂದಿಬೆಟ್ಟವನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿದರೂ ಇಷ್ಟು ಏರು ಸಿಗುವುದಿಲ್ಲ. ನಮ್ಮ ಕಡೆ ಇದಕ್ಕೆ ಹತ್ತಿರ ಬರುವುದು ಮಸಿನಗುಡಿಯಿಂದ ಊಟಿಯ ಕಡೆಗೆ ಏರುವ, 36 ತಿರುವುಗಳ ಕಲ್ಹಟ್ಟಿ ಘಾಟಿ.

ಸೈಕಲ್ ಸೇರಿ ನಿಮ್ಮ ಭಾರ 85 ಕಿಲೋ ಎಂದಿಟ್ಟುಕೊಳ್ಳೋಣ. ಅಷ್ಟು ಭಾರವನ್ನು 1,100 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 9 ಲಕ್ಷ ಜೂಲ್. ಒಂದೂವರೆ ಗಂಟೆಯಲ್ಲಿ ಹತ್ತಬೇಕೆಂದರೆ ಗಾಳಿ ಮತ್ತು ಟೈರಿನ ತಡೆಯೂ ಸೇರಿ ನಿಮ್ಮ ಕಾಲುಗಳು ಬಿಡುವಿಲ್ಲದೆ 190 ವಾಟ್‌ನಷ್ಟು ಕೊಡುತ್ತಿರಬೇಕು. ಒಂದು ಗಂಟೆಯಲ್ಲಿ ಮುಗಿಸುವ ಆಸೆಯಿದ್ದರೆ 280 ವಾಟ್ ದಾಟಬೇಕಾಗುತ್ತದೆ, ಅದು ವರ್ಷಗಟ್ಟಲೆ ತರಬೇತಿ ಮಾಡಿದವರ ಮಾತು. ಮೊದಲ ಸಲಕ್ಕೆ ಒಂದೂವರೆ ಗಂಟೆ ಮರ್ಯಾದೆಯ ಗುರಿ, ಎರಡು ಗಂಟೆಯಾದರೂ ಯಾರೂ ನಗುವುದಿಲ್ಲ.

ಗೇರಿನ ಪ್ರಶ್ನೆಯೇ ಇಲ್ಲಿ ನಿರ್ಣಾಯಕ, ಏಕೆಂದರೆ ಈ ದಾರಿಯ ಅತಿ ಕಡಿದಾದ ಭಾಗ ಇರುವುದು ಕೊನೆಯಲ್ಲಲ್ಲ, ಆರಂಭದಲ್ಲಿ. ಪಟ್ಟಣ ಬಿಟ್ಟು ರಸ್ತೆ ಬಂಡೆಗೆ ತಾಗಿ ಎಡಕ್ಕೆ ಏಳುತ್ತಿದ್ದಂತೆಯೇ ಸುಮಾರು ಎರಡು ಕಿಲೋಮೀಟರ್‌ವರೆಗೆ ಏರು ನೂರಕ್ಕೆ 10ರ ಆಸುಪಾಸಿನಲ್ಲಿರುತ್ತದೆ. ಮೈ ಇನ್ನೂ ಬೆಚ್ಚಗಾಗಿರುವುದಿಲ್ಲ, ಹುಮ್ಮಸ್ಸು ಮಾತ್ರ ತುಂಬಿರುತ್ತದೆ, ಪಕ್ಕದಲ್ಲಿ ಯಾರೋ ದಾಟಿಕೊಂಡು ಹೋಗುತ್ತಾರೆ. ಅವರ ಬೆನ್ನು ಹತ್ತಿದವರು ಲಾ ಗಾರ್ಡ್ ಎಂಬ ಹಳ್ಳಿಯ 16ನೇ ತಿರುವು (ಎಣಿಕೆ ಮೇಲಿನಿಂದ ಕೆಳಕ್ಕೆ) ಬರುವಷ್ಟರಲ್ಲಿ ಉಸಿರು ಕಳೆದುಕೊಂಡಿರುತ್ತಾರೆ. 190 ವಾಟ್‌ನಲ್ಲಿ ಈ ಭಾಗದಲ್ಲಿ ನಿಮ್ಮ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್ ಮೀರದು. ಮುಂದೆ 34 ಹಲ್ಲಿನ, ಹಿಂದೆ 28 ಹಲ್ಲಿನ ಗೇರ್ ಇದ್ದರೆ ಆ ವೇಗದಲ್ಲಿ ಪೆಡಲ್ ನಿಮಿಷಕ್ಕೆ 50 ಸುತ್ತನ್ನೂ ತಲುಪುವುದಿಲ್ಲ. ಹಿಂದೆ 34 ಹಲ್ಲಿದ್ದರೆ 60ರ ಹತ್ತಿರ ತಿರುಗುತ್ತದೆ. ಹತ್ತು ಸುತ್ತಿನ ಈ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸಿದರೂ, ಮೊದಲನೆಯದರಲ್ಲಿ ಪ್ರತಿ ತುಳಿತವೂ ಮಂಡಿಯ ಮೇಲೆ ಬೀಳುತ್ತದೆ, ಎರಡನೆಯದರಲ್ಲಿ ಅದು ಉಸಿರಿನ ಕೆಲಸವಾಗುತ್ತದೆ. ಬಾಡಿಗೆ ಅಂಗಡಿಯಲ್ಲಿ ಸೈಕಲ್ಲಿನ ಬ್ರಾಂಡ್ ಕೇಳುವ ಮೊದಲು ಹಿಂದಿನ ಕ್ಯಾಸೆಟ್‌ನ, ಅಂದರೆ ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲಿನ, ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಎಂದು ಕೇಳಿ.

ಇಷ್ಟು ಏರಿಗೆ ದೇಹ ಸುಮಾರು 1,000 ಕಿಲೋಕ್ಯಾಲರಿ ಖರ್ಚು ಮಾಡುತ್ತದೆ, ಹಾಗಾಗಿ ಬರಿ ಕಾಫಿ ಕುಡಿದು ಹೊರಡಬೇಡಿ. ರಸ್ತೆಯ ಬಹುಭಾಗ ದಕ್ಷಿಣದ ಬಿಸಿಲಿಗೆ ಮೈಯೊಡ್ಡಿದೆ. ಆಲ್ಪ್ಸ್ ಎಂದರೆ ಸದಾ ತಂಪು ಎಂಬ ನಂಬಿಕೆ ಜುಲೈ ಮಧ್ಯಾಹ್ನದಲ್ಲಿ ಕರಗಿಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಡಿ, ಎರಡು ಬಾಟಲಿ ನೀರಿರಲಿ.

ಪ್ರಶ್ನೆ: ಇದಕ್ಕಿಂತ ಎತ್ತರದ, ಇದಕ್ಕಿಂತ ಸುಂದರವಾದ ರಸ್ತೆಗಳು ಯುರೋಪಿನಲ್ಲಿ ಇರುವಾಗ ಇದೊಂದಕ್ಕೇ ಇಷ್ಟು ಖ್ಯಾತಿ ಏಕೆ? (ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಸಂಶಯ ಸರಿಯಾಗಿದೆ. ಈ ರಸ್ತೆಯ ಖ್ಯಾತಿ ಬಂದದ್ದು, ದಿನಕ್ಕೊಂದು ಓಟದಂತೆ ಹಲವು ದಿನ ನಡೆಯುವ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಿಂದ. 1952ರಲ್ಲಿ ಸ್ಪರ್ಧೆಯ ಒಂದು ದಿನದ ಓಟ ಮೊದಲ ಬಾರಿಗೆ ಇಲ್ಲಿ ಕೊನೆಗೊಂಡಾಗ ಇಟಲಿಯ ಫೌಸ್ತೊ ಕೊಪ್ಪಿ ಗೆದ್ದರು. ಚಳಿಗಾಲದ ಗಿರಾಕಿಗಳನ್ನೇ ನಂಬಿದ್ದ ಊರಿನ ಹೋಟೆಲಿನವರಿಗೆ ಬೇಸಿಗೆಯಲ್ಲೂ ಹೆಸರು ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಆದರೂ ಸ್ಪರ್ಧೆ ಇಲ್ಲಿಗೆ ಮರಳಿದ್ದು 1976ರಲ್ಲಿ. ಅಲ್ಲಿಂದ 1989ರವರೆಗೆ ಎಂಟು ಗೆಲುವು ನೆದರ್ಲೆಂಡ್ಸಿನವರ ಪಾಲಾದವು. ಬೆಟ್ಟವೇ ಇಲ್ಲದ ನಾಡಿನವರು ಈ ಬೆಟ್ಟವನ್ನು ತಮ್ಮದೆಂದು ಭಾವಿಸಿಕೊಂಡರು. ಅದರಲ್ಲಿ 1978ರ ಗೆಲುವಿನ ಕಥೆ ಸ್ವಲ್ಪ ಬೇರೆ. ಅಂದು ಮೊದಲು ಗುರಿ ಮುಟ್ಟಿದ ಬೆಲ್ಜಿಯಂನ ಮಿಷೆಲ್ ಪೊಲೆಂಟಿಯರ್ ಮದ್ದಿನ ಪರೀಕ್ಷೆಯಲ್ಲಿ ರಬ್ಬರ್ ನಳಿಕೆಯ ಮೂಲಕ ಬೇರೆಯವರ ಮೂತ್ರ ಕೊಡಲು ಹೋಗಿ ಸಿಕ್ಕಿಬಿದ್ದು ಹೊರದಬ್ಬಿಸಿಕೊಂಡರು, ಗೆಲುವು ಹೆನ್ನಿ ಕೈಪರ್ ಅವರಿಗೆ ಹೋಯಿತು. ಸ್ಪರ್ಧೆಯ ದಿನ 7ನೇ ತಿರುವಿನ ಚರ್ಚಿನ ಬಳಿ ಇಂದಿಗೂ ಕಿತ್ತಳೆ ಅಂಗಿಯ ಡಚ್ಚರ ಜಾತ್ರೆ ನೆರೆಯುತ್ತದೆ.

ತಿರುವುಗಳ ಎಣಿಕೆ ತಲೆಕೆಳಗು. ಕೆಳಗಿನದು 21, ಮೇಲಿನದು 1. ಪ್ರತಿ ತಿರುವಿನ ಫಲಕದಲ್ಲೂ ಗೆದ್ದವರ ಹೆಸರಿದೆ. ಹತ್ತುವವರಿಗೆ ಇದು ದೊಡ್ಡ ಅನುಕೂಲ. ತಿರುವಿನಲ್ಲಿ ರಸ್ತೆ ಕೊಂಚ ಮಟ್ಟಸವಾಗುವುದರಿಂದ ಮೂರು ತುಳಿತದ ವಿಶ್ರಾಂತಿಯೂ ಸಿಗುತ್ತದೆ, ಉಳಿದದ್ದೆಷ್ಟು ಎಂಬ ಲೆಕ್ಕವೂ ಸಿಗುತ್ತದೆ. 2024ರಲ್ಲಿ ಮಹಿಳೆಯರ ಟೂರ್ ಇಲ್ಲಿಯೇ ಮುಗಿಯಿತು. ದಿನದ ಓಟವನ್ನು ನೆದರ್ಲೆಂಡ್ಸಿನ ಡೆಮಿ ವೊಲ್ಲರಿಂಗ್ ಗೆದ್ದರೂ ಒಟ್ಟು ಪ್ರಶಸ್ತಿಯನ್ನು ಪೋಲೆಂಡಿನ ಕಾಶಾ ನೇವಿಯಾದೋಮಾ ಕೇವಲ 4 ಸೆಕೆಂಡುಗಳ ಅಂತರದಿಂದ ಗೆದ್ದುಕೊಂಡರು. ಇಪ್ಪತ್ತೊಂದು ತಿರುವಿನ ಖ್ಯಾತಿಗೆ ಇನ್ನು ಬೇರೆ ಪ್ರಚಾರ ಬೇಕಿಲ್ಲ.

ಪ್ರಶ್ನೆ: ಹತ್ತುವುದಕ್ಕಿಂತ ನನಗೆ ಇಳಿಯುವುದೇ ಭಯ. ನಿವೃತ್ತಿಯ ನಂತರ ಸೈಕಲ್ ಹಿಡಿದವನು ನಾನು. ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಂಡರೆ ಕ್ಷೇಮವೇ? (ಮೈಸೂರಿನ ಓದುಗರು)

ಉತ್ತರ: ಹತ್ತಲು ಕ್ಷೇಮ, ಇಳಿಯಲು ಅದರಿಂದ ವಿಶೇಷ ಲಾಭವಿಲ್ಲ. ಯುರೋಪಿನ ನಿಯಮದ ಪ್ರಕಾರ ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿನ ಮೋಟರ್ 250 ವಾಟ್‌ನದು. ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ಅದು ನೆರವು ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ಉಳಿಯುವುದು ಅದರ ಹೆಚ್ಚುವರಿ ಭಾರವೊಂದೇ, ಆ ಭಾರವನ್ನು ಬ್ರೇಕ್ ಹೊರಬೇಕು. ಏರುವಾಗ ನೀವು ಕೂಡಿಟ್ಟ 9 ಲಕ್ಷ ಜೂಲ್ ಇಳಿಯುವಾಗ ಗಾಳಿಗೂ ಬ್ರೇಕಿನ ಬಿಸಿಗೂ ಹಂಚಿಹೋಗುತ್ತದೆ. ಬ್ರೇಕನ್ನು ಉದ್ದಕ್ಕೂ ಅರೆಬರೆ ಹಿಡಿದೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳಬಹುದು. ನೇರ ದಾರಿಯಲ್ಲಿ ಬಿಡಿ, ತಿರುವಿಗೆ ಮುನ್ನವೇ ಎರಡೂ ಕೈಯಿಂದ ದೃಢವಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಮತ್ತೆ ಬಿಡಿ. ಡಿಸ್ಕ್ ಬ್ರೇಕ್ ಇರುವ ಸೈಕಲ್ಲನ್ನೇ ಆರಿಸಿಕೊಳ್ಳಿ.

ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರ್ ಮುಂದಿನ ಗಾಲಿಯ ಬ್ರೇಕು, ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಎಡಗೈಯದು. ಗಾಬರಿಯಾದಾಗ ಕೈ ತನ್ನ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ; ಹಿಂದಿನ ಗಾಲಿಯದೆಂದು ನಂಬಿ ಎಡಲಿವರನ್ನು ಬಿಗಿಯಾಗಿ ಎಳೆದರೆ ಮುಂದಿನ ಗಾಲಿ ನಿಂತು ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ಬಾಡಿಗೆಗೆ ಪಡೆದ ಸೈಕಲ್ಲನ್ನು ಅಂಗಡಿಯ ಮುಂದೆಯೇ ತಳ್ಳಿ ಒಂದೊಂದು ಲಿವರನ್ನೂ ಪರೀಕ್ಷಿಸಿ. ಬೇಕಿದ್ದರೆ ಅದಲುಬದಲು ಮಾಡಿಕೊಡಲು ಕೇಳಿ. ಅಲ್ಲಿ ವಾಹನ ಸಂಚಾರ ಬಲಗಡೆ ಎಂಬುದೂ ಪ್ರತಿ ತಿರುವಿನಲ್ಲಿ ನೆನಪಿರಲಿ. ತೆಳ್ಳನೆಯ ಗಾಳಿತಡೆ ಜಾಕೆಟ್ ಇಲ್ಲದೆ ಇಳಿಯಬೇಡಿ, ಬೆವರು ಆರುವ ಚಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲೂ ಆಗದು.

ಪ್ರಶ್ನೆ: ನಾವು ನೆದರ್ಲೆಂಡ್ಸಿನ ಐಂಧೋವನ್‌ನಲ್ಲಿರುವ ಕನ್ನಡದ ಕುಟುಂಬ. ಹತ್ತು ವರ್ಷದ ಮಗಳಿಗೂ ನನಗೂ ಮೌಂಟನ್ ಬೈಕಿನ ಹುಚ್ಚು. ಅಲ್ಲಿಯ ಮೆಗಾವಲಾಂಶ್ ಎಂಬ ಸ್ಪರ್ಧೆಯ ದೃಶ್ಯಗಳನ್ನು ನೋಡಿದ್ದೇವೆ. ಅದೇ ದಾರಿಯಲ್ಲಿ ನಾವೂ ಇಳಿಯಬಹುದೇ?

ಉತ್ತರ: ಮಗಳೊಡನೆ ಬೇಡ. 1995ರಿಂದ ನಡೆಯುತ್ತಿರುವ ಆ ಸ್ಪರ್ಧೆ 3,330 ಮೀಟರ್ ಎತ್ತರದ ಪಿಕ್ ಬ್ಲಾಂ ಶಿಖರದಿಂದ ಹೊರಟು ಕಣಿವೆಯ ಅಲ್ಮೋಂ ಹಳ್ಳಿಯಲ್ಲಿ ಮುಗಿಯುತ್ತದೆ. ಎತ್ತರದ ವ್ಯತ್ಯಾಸ ಎರಡೂವರೆ ಸಾವಿರ ಮೀಟರಿಗೂ ಮಿಗಿಲು. ನೂರಾರು ಮಂದಿ ಒಟ್ಟಿಗೆ ಹಿಮದ ಮೇಲೆ ಜಾರುತ್ತ ಹೊರಡುವ ದೃಶ್ಯವೇ ಅದರ ಆಕರ್ಷಣೆ. ಅವರು ಜಾರುವ ಸರೆನ್ ಎಂಬ ಹಿಮನದಿ ಈಗ ಹೆಚ್ಚುಕಡಿಮೆ ಕರಗಿಹೋಗಿದೆ, ಹಿಮವಿಲ್ಲದ ವರ್ಷ ಅಲ್ಲಿರುವುದು ಚೂಪು ಕಲ್ಲಿನ ರಾಶಿ. ಬಿದ್ದರೆ ಹಿಮಕ್ಕಿಂತ ಕಲ್ಲು ಕ್ರೂರ.

ನಿಮಗೆ ಬೇಕಾದದ್ದು ಊರಿನ ಪಕ್ಕದ ಕೆಳಹಂತದ ದಾರಿಗಳು. ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಹಿಮಜಾರಾಟದ ಕೇಬಲ್ ಗಾಡಿಗಳೇ ಸೈಕಲ್ಲುಗಳನ್ನೂ ಮೇಲಕ್ಕೆ ಒಯ್ಯುತ್ತವೆ. ದಾರಿಗಳಿಗೆ ಹಿಮಜಾರಾಟದ ಬಣ್ಣಗಳೇ: ಹಸಿರು ಸುಲಭ, ನಂತರ ನೀಲಿ, ಕೆಂಪು, ಕಪ್ಪು. ಮೊದಲ ದಿನ ಹಸಿರು ದಾರಿಯನ್ನೇ ಮತ್ತೆ ಮತ್ತೆ ಇಳಿಯಿರಿ. ಮಕ್ಕಳು ಬೀಳುವುದು ದಾರಿ ಕಷ್ಟವಾದದ್ದಕ್ಕಿಂತ ಕೈ ಸೋತದ್ದರಿಂದಲೇ ಹೆಚ್ಚು, ಹಾಗಾಗಿ ಊಟದ ನಂತರದ ಇಳಿತಗಳು ಕಡಿಮೆಯಿರಲಿ. ಹನ್ನೆರಡರೊಳಗಿನ ಮಕ್ಕಳಿಗೆ ಫ್ರಾನ್ಸಿನಲ್ಲಿ 2017ರಿಂದ ಹೆಲ್ಮೆಟ್ ಕಡ್ಡಾಯ. ಗದ್ದ ಮುಚ್ಚುವ ಹೆಲ್ಮೆಟ್ಟನ್ನು, ಮಂಡಿ ಮೊಣಕೈಗಳ ಕವಚವನ್ನು ಕಾನೂನು ಹೇಳದಿದ್ದರೂ ಹಾಕಿಸಿ. ಮೆಗಾವಲಾಂಶ್ ನಡೆಯುವ ಜುಲೈ ಆರಂಭದ ವಾರದಲ್ಲಿ ಊರು ಕಿಕ್ಕಿರಿದಿರುತ್ತದೆ, ಆ ವಾರ ತಪ್ಪಿಸಿ.

ಪ್ರಶ್ನೆ: ಆ ಒಂದು ರಸ್ತೆಯನ್ನು ಬಿಟ್ಟರೆ ಸುತ್ತಮುತ್ತ ಬೇರೇನಿದೆ? ಯಾವ ತಿಂಗಳು ಒಳ್ಳೆಯದು? (ಹುಬ್ಬಳ್ಳಿಯ ಸೈಕಲ್ ಗೆಳೆಯರು)

ಉತ್ತರ: ನಿಜ ಹೇಳಬೇಕೆಂದರೆ ಇಪ್ಪತ್ತೊಂದು ತಿರುವಿನ ರಸ್ತೆ ಸುತ್ತಲಿನ ರಸ್ತೆಗಳಲ್ಲೇ ಹೆಚ್ಚು ವಾಹನ ದಟ್ಟಣೆಯದು. ಒಂದು ಸಲ ಹತ್ತಿ, ಹೆಸರು ಬರೆಸಿಕೊಂಡು, ಉಳಿದ ದಿನಗಳನ್ನು ಬೇರೆ ಕಡೆ ಕಳೆಯಿರಿ. ಅದೇ ರಸ್ತೆಯಲ್ಲಿ ಸಿಗುವ ಉಯೆಜ್ ಹಳ್ಳಿಯ ಬಳಿಯಿಂದ ವಿಯಾರ್ ರೆಕ್ಯುಲಾ ಹಳ್ಳಿಯ ಕಡೆಗೆ ಬೆಟ್ಟದ ಪಕ್ಕೆಯಲ್ಲೇ ಸಾಗುವ ಕಿರಿದಾದ ರಸ್ತೆಯಿಂದ ಕೆಳಗಿನ ಕಣಿವೆ ಪೂರ್ತಿ ಕಾಣುತ್ತದೆ. ಊರಿನ ಹಿಂಬದಿಯಲ್ಲಿ 1,999 ಮೀಟರ್ ಎತ್ತರದ ಸರೆನ್ ಕಣಿವೆದಾರಿಯಿದೆ. 2013ರಲ್ಲಿ ಟೂರ್ ಸ್ಪರ್ಧಿಗಳು ಒಂದೇ ದಿನ ಆಲ್ಪ್ ದುಯೆಜ್ಜನ್ನು ಎರಡು ಸಲ ಹತ್ತಿದಾಗ ನಡುವೆ ಇಳಿದದ್ದು ಇದರಲ್ಲೇ. ಡಾಂಬರು ಒರಟು, ಅಂಚಿಗೆ ತಡೆಗೋಡೆಯಿಲ್ಲ ಎಂದು ಆಗ ಕೆಲವರು ದೂರಿದ್ದರು. ನಿಧಾನವಾಗಿ ಹೋಗುವವರಿಗೆ ಆ ದೂರು ಅನ್ವಯಿಸುವುದಿಲ್ಲ.

ದೊಡ್ಡ ದಿನ ಬೇಕೆಂದರೆ ಲೋತಾರೆ ಕಣಿವೆದಾರಿ ದಾಟಿ ಗಾಲಿಬಿಯೆ ಕಣಿವೆದಾರಿಗೆ ಹೋಗಿ. 2,642 ಮೀಟರ್, ಅಂದರೆ ನಮ್ಮ ಊಟಿಯ ದೊಡ್ಡಬೆಟ್ಟಕ್ಕಿಂತ ಐದೇ ಮೀಟರ್ ಹೆಚ್ಚು. ದಾರಿಯಲ್ಲಿ ಸುರಂಗಗಳಿರುವುದರಿಂದ ಹಿಂದೆ ಮುಂದೆ ದೀಪ ಬೇಕೇ ಬೇಕು. 2015ರ ವಸಂತದಲ್ಲಿ ಶಾಂಬೋನ್ ಸುರಂಗದ ಬಳಿ ಬೆಟ್ಟ ಸರಿದು ರಸ್ತೆ ಮುಚ್ಚಿ, ಆ ವರ್ಷದ ಟೂರ್ ತನ್ನ ದಾರಿಯನ್ನೇ ಬದಲಿಸಬೇಕಾಯಿತು. ಹಾಗಾಗಿ ಹೊರಡುವ ಹಿಂದಿನ ದಿನ ರಸ್ತೆಯ ಸ್ಥಿತಿ ವಿಚಾರಿಸಿ. ಇನ್ನೊಂದು ದಿಕ್ಕಿನಲ್ಲಿ 2,067 ಮೀಟರಿನ ಕ್ರ್ವಾ ದ ಫೆರ್ ಕಣಿವೆದಾರಿ. ಅದರ ದಾರಿಯಲ್ಲಿ ಸಿಗುವ ಗ್ರಾಂಮೆಜೋನ್ ಜಲಾಶಯ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವ 1,800 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಘಟಕದ ಮೇಲಿನ ತೊಟ್ಟಿ. ಶರಾವತಿ ಯೋಜನೆಯ ವಾದವಿವಾದಗಳನ್ನು ಓದುತ್ತಿರುವವರು ಐದು ನಿಮಿಷ ಅಲ್ಲಿ ನಿಂತು ನೋಡಬಹುದು.

ಎತ್ತರದ ಕಣಿವೆದಾರಿಗಳು ಹಿಮದಿಂದ ಬಿಡುಗಡೆಯಾಗುವುದು ಮೇ ಕೊನೆ ಅಥವಾ ಜೂನ್‌ನಲ್ಲಿ. ಜೂನ್ ಉತ್ತರಾರ್ಧ ಮತ್ತು ಸೆಪ್ಟೆಂಬರ್ ಪೂರ್ವಾರ್ಧ ನನ್ನ ಆಯ್ಕೆ. ವಾಹನ ಕಡಿಮೆ, ಕೋಣೆಯ ಬಾಡಿಗೆಯೂ ಕಡಿಮೆ. ಮಧ್ಯಾಹ್ನದ ಗುಡುಗುಮಳೆ ಬೇಸಿಗೆಯುದ್ದಕ್ಕೂ ಇದ್ದದ್ದೇ, ಮಧ್ಯಾಹ್ನ ಎರಡು ಗಂಟೆ ಹೊಡೆಯುವ ಮೊದಲೇ ಕೆಳಗಿರಿ.

ಪ್ರಶ್ನೆ: ನಮ್ಮ ಸೈಕಲ್ಲನ್ನೇ ವಿಮಾನದಲ್ಲಿ ಒಯ್ಯುವುದು ಲೇಸೋ, ಬಾಡಿಗೆಗೆ ಪಡೆಯುವುದು ಲೇಸೋ? (ಮಂಗಳೂರು)

ಉತ್ತರ: ಒಂದು ವಾರಕ್ಕಾದರೆ ಬಾಡಿಗೆಯೇ ಲೇಸು. ಗ್ರೆನೋಬ್ಲ್‌ವರೆಗೆ ರೈಲು, ಅಲ್ಲಿಂದ ಬೂರ್ ದ್ವಾಜಾನ್‌ಗೆ ಸುಮಾರು 50 ಕಿಲೋಮೀಟರ್ ಬಸ್ಸು; ಈ ದಾರಿಯುದ್ದಕ್ಕೂ ದೊಡ್ಡ ಪೆಟ್ಟಿಗೆ ಹೊತ್ತು ತಿರುಗುವುದು ಕಷ್ಟ. ಪಟ್ಟಣದಲ್ಲಿ ಸೈಕಲ್ ಅಂಗಡಿಗಳಿಗೆ ಕೊರತೆಯಿಲ್ಲ. ನಿಮ್ಮ ಪೆಡಲ್, ಅದಕ್ಕೆ ಒಗ್ಗಿದ ಶೂ, ಹೆಲ್ಮೆಟ್ ಇಷ್ಟನ್ನು ಒಯ್ಯಿರಿ. ಸೀಟಿನ ಎತ್ತರವನ್ನು ಪೆಡಲ್ ತೋಳುಗಳು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ಮಿಲಿಮೀಟರುಗಳಲ್ಲಿ ಮನೆಯಲ್ಲೇ ಅಳೆದು ಬರೆದುಕೊಂಡಿದ್ದರೆ, ಅಂಗಡಿಯವರಿಗೆ ಅಷ್ಟು ತೋರಿಸಿದರೆ ಸಾಕು.