ಗಣಕ ಪ್ರಶ್ನೋತ್ತರ: ಡೇಟಾ ಒಂದೆಡೆ, ಗಣನೆ ಇನ್ನೊಂದೆಡೆ

ಪ್ರಶ್ನೆ: ಪ್ರಯೋಗಾಲಯದ ನ್ಯಾಸ್‌ನಲ್ಲಿ (ಜಾಲಕ್ಕೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) 40 ಮಾನವ ಜೀನೋಮ್ ಮಾದರಿಗಳ ಫಾಸ್ಟ್‌ಕ್ಯೂ ಫೈಲ್‌ಗಳಿವೆ (ಸೀಕ್ವೆನ್ಸಿಂಗ್ ಯಂತ್ರ ಕೊಟ್ಟ ಕಚ್ಚಾ ಡಿಎನ್‌ಎ ಮಾಹಿತಿ), ಮಾದರಿಗೆ ಸುಮಾರು 70 ಜಿಬಿ. ಅದನ್ನು 1 ಗಿಗಾಬಿಟ್ ಜಾಲದ ಮೇಲೆ ಎನ್‌ಎಫ್‌ಎಸ್ (ದೂರದ ಡಿಸ್ಕನ್ನು ಸ್ಥಳೀಯದಂತೆ ಬಳಸುವ ವ್ಯವಸ್ಥೆ) ಮೂಲಕ ಕ್ಲಸ್ಟರ್‌ಗೆ (ಒಟ್ಟಾಗಿ ದುಡಿಯುವ ಗಣಕಗಳ ಗುಂಪು) ಜೋಡಿಸಿ 40 ಜಾಬ್ ಒಟ್ಟಿಗೆ ಬಿಟ್ಟರೆ ಸಿಪಿಯು ಬಳಕೆ ಶೇ 20 ದಾಟುವುದಿಲ್ಲ. ಇನ್ನಷ್ಟು ಕೋರ್ ಕೇಳಬೇಕೆ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ. ಇರುವ ಕೋರ್‌ಗಳೇ ಕೆಲಸವಿಲ್ಲದೆ ಕೂತಿವೆ. 1 ಗಿಗಾಬಿಟ್ ಎಂದರೆ ಲೆಕ್ಕದಲ್ಲಿ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು 110ರ ಆಸುಪಾಸು. 40 ಜಾಬ್ ಹಂಚಿಕೊಂಡರೆ ತಲಾ 3 ಎಂಬಿಯೂ ಇಲ್ಲ. ಏಕಕಾಲಕ್ಕೆ 40 ಕಡೆಯಿಂದ ಓದಿದರೆ ನ್ಯಾಸ್‌ನ ಹಾರ್ಡ್‌ಡಿಸ್ಕ್ ಅಷ್ಟನ್ನೂ ಕೊಡಲಾರದು.

ಒಟ್ಟು 2.8 ಟಿಬಿಯನ್ನು ಕ್ಲಸ್ಟರ್‌ನ ಸ್ಕ್ರಾಚ್‌ಗೆ (ತಾತ್ಕಾಲಿಕ ಬಳಕೆಯ ಡಿಸ್ಕ್ ಜಾಗ) ನಕಲಿಸಲು ಸುಮಾರು 7 ಗಂಟೆ ಬೇಕು. ಹಾಗಾದರೆ ಉಳಿದದ್ದೇನು ಎನ್ನಬಹುದು. ನಕಲಿಗೆ ಒಂದು ಕೋರ್ ಸಾಕು, ನೂರಾರು ಕೋರ್ ಹಿಡಿದಿಟ್ಟು ಕಾಯಬೇಕಿಲ್ಲ. ಡಿಎನ್‌ಎ ತುಣುಕುಗಳ ಜೋಡಣೆ, ವಿಂಗಡಣೆ, ಒಂದೇ ತುಣುಕಿನ ಇಮ್ಮಡಿ ಪ್ರತಿಗಳ ಗುರುತಿಸುವಿಕೆ ಎಂಬ ಮುಂದಿನ ಹಂತಗಳ ಓದು-ಬರಹವೂ ಆ ತಂತಿಯ ಮೇಲೆ ಹೋಗುವುದಿಲ್ಲ.

ಎಂಟೆಂಟು ಮಾದರಿಗಳ ತಂಡ ಮಾಡಿ. ಪ್ರತಿ ತಂಡಕ್ಕೂ ಒಂದು ಕೋರಿನ ನಕಲು ಜಾಬ್, ಅದು ಯಶಸ್ವಿಯಾದರಷ್ಟೇ ಶುರುವಾಗುವಂತೆ ಸ್ಲರ್ಮ್‌ನ (ಕ್ಲಸ್ಟರ್‌ನಲ್ಲಿ ಜಾಬ್‌ಗಳ ಸರದಿ ನಡೆಸುವ ತಂತ್ರಾಂಶ) ‘ಆಫ್ಟರ್‌ಓಕೆ’ ಷರತ್ತಿನೊಂದಿಗೆ ಗಣನೆಯ ಜಾಬ್. ಮೊದಲ ತಂಡದ ಗಣನೆ ನಡೆಯುವಾಗಲೇ ಎರಡನೆಯದು ಬಂದಿಳಿಯುತ್ತದೆ. ಸೀಕ್ವೆನ್ಸಿಂಗ್ ಕೇಂದ್ರ ಕೊಟ್ಟ ಎಂಡಿ5 (ಫೈಲ್ ಕೆಟ್ಟಿದೆಯೇ ಎಂದು ತಿಳಿಸುವ ಸಂಕೇತ) ಪಟ್ಟಿಯನ್ನು ನಕಲು ಜಾಬ್‌ನಲ್ಲೇ ತಾಳೆ ನೋಡಿ. ನಕಲಿಸಲು ಬಳಸುವ ಆರ್‌ಸಿಂಕ್ ಮಾಮೂಲಾಗಿ ಗಾತ್ರ, ಸಮಯ ಎರಡನ್ನೇ ಹೋಲಿಸುವುದರಿಂದ ನ್ಯಾಸ್‌ನಲ್ಲೇ ಕೆಟ್ಟ ಫೈಲ್ ಅದರ ಕಣ್ಣಿಗೆ ಬೀಳುವುದಿಲ್ಲ.

ವಿಂಗಡಿಸುವ ಸ್ಯಾಮ್‌ಟೂಲ್ಸ್ ಸಾರ್ಟ್‌ನ ತಾತ್ಕಾಲಿಕ ಫೈಲ್‌ಗಳನ್ನು ‘-ಟಿ’ (ದೊಡ್ಡಕ್ಷರದ T) ಆಯ್ಕೆಯಿಂದ ನೋಡ್‌ನ (ಕ್ಲಸ್ಟರ್‌ನ ಒಂದು ಗಣಕ) ಸ್ವಂತ ಎಸ್‌ಎಸ್‌ಡಿಗೆ ಕಳಿಸಿ; ಫಲಿತಾಂಶದ ಬ್ಯಾಮ್‌ನ (ಜೋಡಿಸಿದ ತುಣುಕುಗಳ ಫೈಲ್) ಎರಡರಷ್ಟು ಜಾಗ ಇಟ್ಟುಕೊಳ್ಳಿ. ಆದರೆ ಜಾಬ್ ಮುಗಿದೊಡನೆ ಆ ಡಿಸ್ಕ್ ಅಳಿಸುವ ವ್ಯವಸ್ಥೆ ಬಹಳ ಕಡೆ ಇದೆ. ಸಮಯ ಮೀರಿ ಸ್ಲರ್ಮ್ ಜಾಬ್ ಕೊಂದರೆ ಅಲ್ಲಿದ್ದದ್ದೆಲ್ಲ ಹೋಯಿತು. ‘--ಸಿಗ್ನಲ್=ಬಿ:ಯುಎಸ್‌ಆರ್1@600’ ಎಂದು ಬರೆದರೆ ಸುಮಾರು 10 ನಿಮಿಷ ಮೊದಲು ಸೂಚನೆ ಬರುತ್ತದೆ; ಅದನ್ನು ಜಾಬ್ ಸ್ಕ್ರಿಪ್ಟ್‌ನ ‘ಟ್ರ್ಯಾಪ್’ ಆದೇಶದಲ್ಲಿ ಹಿಡಿದು ಫಲಿತಾಂಶ ಹೊರಗೆ ನಕಲಿಸಿ. ಇಲ್ಲೇ ಹಲವರು ಎಡವುವುದು: ಪ್ರೋಗ್ರಾಂ ಮುನ್ನೆಲೆಯಲ್ಲಿ ಓಡುತ್ತಿದ್ದರೆ ಸ್ಕ್ರಿಪ್ಟ್ ನಡೆಸುವ ಬ್ಯಾಷ್ ಅದು ಮುಗಿಯುವವರೆಗೂ ಟ್ರ್ಯಾಪ್ ಮುಟ್ಟುವುದಿಲ್ಲ. ಪ್ರೋಗ್ರಾಮನ್ನು ಹಿನ್ನೆಲೆಗೆ ಹಾಕಿ ‘ವೇಟ್’ ಬರೆಯಲೇಬೇಕು.

ಪ್ರಶ್ನೆ: ಎಲೆರೋಗ ಗುರುತಿಸುವ ಎಐ ಮಾದರಿಗಾಗಿ ತಲಾ 40 ಕೆಬಿಯ 12 ಲಕ್ಷ ಚಿತ್ರಗಳನ್ನು ಲಸ್ಟರ್ (ಇಡೀ ಕ್ಲಸ್ಟರ್ ಹಂಚಿಕೊಳ್ಳುವ ಫೈಲ್ ವ್ಯವಸ್ಥೆ) ಸ್ಕ್ರಾಚ್‌ನಲ್ಲಿಟ್ಟಿದ್ದೇವೆ. ಒಟ್ಟು 48 ಜಿಬಿ ಅಷ್ಟೇ. ಆದರೂ ನಮ್ಮಿಂದ ಇಡೀ ಕ್ಲಸ್ಟರ್ ನಿಧಾನವಾಯಿತೆಂದು ದೂರು ಬಂದಿದೆ.
– ಉಪನ್ಯಾಸಕರು, ಶಿವಮೊಗ್ಗ

ಉತ್ತರ: ದೂರು ನ್ಯಾಯವಾದದ್ದೇ. ಲಸ್ಟರ್‌ನಲ್ಲಿ ಫೈಲಿನ ಹೆಸರು, ಅನುಮತಿಗಳು ಮೆಟಾಡೇಟಾ ಸರ್ವರ್‌ನಲ್ಲಿ, ಒಳಗಿನ ಮಾಹಿತಿ ಓಎಸ್‌ಟಿ ಎಂಬ ಸಂಗ್ರಹ ಘಟಕಗಳಲ್ಲಿ ಇರುತ್ತದೆ. ಪ್ರತಿ ಚಿತ್ರ ತೆರೆಯುವಾಗಲೂ ಮೆಟಾಡೇಟಾ ಸರ್ವರ್‌ನ ಬಾಗಿಲು ತಟ್ಟಬೇಕು. ತರಬೇತಿಯ ಒಂದೊಂದು ಸುತ್ತಿಗೂ 12 ಲಕ್ಷ ಸಲ. ಎಲ್ಲರಿಗೂ ಸೇರಿ ಅಂಥ ಸರ್ವರ್ ಒಂದೋ ಎರಡೋ ಇರುತ್ತವೆ. ಫೈಲ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್’ ಕೂಡ ಭಾರವೇ, ಗಾತ್ರ ತಿಳಿಯಲು ಅದು ಓಎಸ್‌ಟಿಗಳನ್ನೂ ಕೇಳುತ್ತದೆ. ಹುಡುಕಲು ‘ಎಲ್‌ಎಫ್‌ಎಸ್ ಫೈಂಡ್’ ಬಳಸಿ.

ಚಿತ್ರಗಳನ್ನು 1 ಜಿಬಿಯ ಟಾರ್ ಕಟ್ಟುಗಳಾಗಿಸಿದರೆ ಐವತ್ತರೊಳಗೆ ಮುಗಿಯುತ್ತದೆ. ಜಾಬ್ ಆರಂಭದಲ್ಲಿ ಅವನ್ನು ನೋಡ್‌ನ ಎಸ್‌ಎಸ್‌ಡಿಯಲ್ಲಿ ಬಿಚ್ಚಿ ಅಲ್ಲಿಂದಲೇ ಓದಿ. ಹತ್ತಾರು ಜಿಬಿಯ ಒಂದೇ ಫೈಲನ್ನು ಹಲವು ನೋಡ್‌ಗಳು ಓದುವುದಾದರೆ ಮಾತ್ರ ಸ್ಟ್ರೈಪ್ ಸಂಖ್ಯೆ (ಒಂದು ಫೈಲ್ ಎಷ್ಟು ಓಎಸ್‌ಟಿಗಳಲ್ಲಿ ಹಂಚಿರಬೇಕು ಎಂಬುದು) 4 ಅಥವಾ 8 ಮಾಡಿ. ಚಿಕ್ಕದಕ್ಕೆ 1 ಸಾಕು. ಬರೆಯುವ ಮೊದಲೇ ಫೋಲ್ಡರ್‌ಗೆ ಇದನ್ನು ನಿಗದಿಪಡಿಸಬೇಕು. ಹಳೆಯ ಫೈಲನ್ನು ‘ಎಂವಿ’ಯಿಂದ ಸ್ಥಳಾಂತರಿಸಿದರೆ ಹಂಚಿಕೆ ಬದಲಾಗದು, ಹೊಸದಾಗಿ ನಕಲಿಸಬೇಕು ಇಲ್ಲವೇ ‘ಎಲ್‌ಎಫ್‌ಎಸ್ ಮೈಗ್ರೇಟ್’ ಬೇಕು.

ಪ್ರಶ್ನೆ: ಗಣನೆಯ ಹಂತಗಳನ್ನು ಸಾಲಾಗಿ ನಡೆಸುವ ನೆಕ್ಸ್ಟ್‌ಫ್ಲೋಗೆ, ನಿಂತಲ್ಲಿಂದ ಮುಂದುವರಿಸುವ ‘-ರೆಸ್ಯೂಮ್’ ಕೊಟ್ಟರೂ ಎಲ್ಲವೂ ಮೊದಲಿಂದ ಓಡುತ್ತದೆ. ಮೂಲ ಫೈಲ್‌ಗಳನ್ನು ಸ್ಕ್ರಾಚ್‌ಗೆ ಮತ್ತೆ ನಕಲಿಸಿದ್ದೆ, ಅಷ್ಟೇ.
– ಮೈಸೂರಿನ ಓದುಗರು

ಉತ್ತರ: ಇನ್‌ಪುಟ್ ಫೈಲಿನ ದಾರಿ, ಗಾತ್ರ, ಕೊನೆಯ ಬದಲಾವಣೆಯ ಸಮಯ ಮೂರನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಬರೀ ‘ಸಿಪಿ’ ಸಮಯವನ್ನು ಬದಲಿಸುತ್ತದೆ. ‘ಆರ್‌ಸಿಂಕ್ -ಎ’ ಉಳಿಸುತ್ತದೆ. ‘ಕ್ಯಾಶೆ’ಯನ್ನು ‘ಲೀನಿಯೆಂಟ್’ ಮಾಡಿದರೆ ಸಮಯ ಬಿಟ್ಟು ಉಳಿದೆರಡನ್ನು ನೋಡುತ್ತದೆ, ದಾರಿ ಮಾತ್ರ ಹಿಂದಿನದೇ ಇರಬೇಕು. ಇನ್ನೊಂದು, ನೀವು ಕೇಳದಿದ್ದರೂ: ಫಲಿತಾಂಶ ಎಲ್ಲಿಡಬೇಕೆಂದು ಹೇಳುವ ‘ಪಬ್ಲಿಷ್‌ಡಿರ್’ ಮಾಮೂಲಾಗಿ ಫಲಿತಾಂಶದ ಬದಲು, ಗಣನೆ ನಡೆದ ‘ವರ್ಕ್’ ಫೋಲ್ಡರ್‌ಗೆ ಕೊಂಡಿಯನ್ನಷ್ಟೇ ಇಡುತ್ತದೆ. ಸ್ಕ್ರಾಚ್ ಶುಚಿಗೊಳಿಸುವಾಗ ವರ್ಕ್ ಹೋದರೆ ಫಲಿತಾಂಶವೂ ಹೋದಂತೆ. ಅದರ ಮೋಡ್ ‘ಕಾಪಿ’ ಇರಲಿ.

ಪ್ರಶ್ನೆ: 1000 ಜೀನೋಮ್ಸ್ ಯೋಜನೆಯ (ಹಲವು ದೇಶಗಳ ಜನರ ಜೀನೋಮ್‌ಗಳ ಮುಕ್ತ ಸಂಗ್ರಹ) ಕೆಲವೇ ಜೀನ್‌ಗಳು ಬೇಕು. ಎಲ್ಲ ಇಳಿಸಿಕೊಳ್ಳಬೇಕೆ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಇಲ್ಲ. ಇಂಡೆಕ್ಸ್ ಇರುವ ಬ್ಯಾಮ್ ಫೈಲಿನ ವೆಬ್ ವಿಳಾಸವನ್ನೇ ‘ಸ್ಯಾಮ್‌ಟೂಲ್ಸ್ ವ್ಯೂ’ಗೆ ಕೊಟ್ಟು, ಮುಂದೆ ಕ್ರೋಮೋಸೋಮ್ ಮತ್ತು ಸ್ಥಾನಗಳನ್ನು ಬರೆಯಿರಿ, ಆ ತುಂಡಷ್ಟೇ ಬರುತ್ತದೆ. ಇನ್ನಷ್ಟು ಕುಗ್ಗಿಸಿದ ಕ್ರ್ಯಾಮ್ ಫೈಲ್ ಆದರೆ, ಅದನ್ನು ಮಾಡುವಾಗ ಬಳಸಿದ ಅದೇ ರೆಫರೆನ್ಸ್ ಜೀನೋಮ್ ಕೂಡ ನಿಮ್ಮ ಬಳಿ ಇರಬೇಕು.